ಎದುರಿನವರ ಮಾತು ಮೊದಲು

ಕಾನೂನು ಕಾಲೇಜಿನಲ್ಲಿ ಸಾಕ್ಷ್ಯ ಕಾಯಿದೆ ಪಾಠ ಮಾಡುತ್ತಿದ್ದವರನ್ನು ಎಲ್ಲರೂ ಸಾಕ್ಷಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರ ತರಗತಿಯಲ್ಲಿ ಒಂದು ವಿಚಿತ್ರ ಪದ್ಧತಿ. ವಾದ ಮಾಡಲು ಎದ್ದು ನಿಂತವರು ಮೊದಲು ಎದುರಾಳಿಯ ವಾದವನ್ನೇ ಹೇಳಬೇಕು. ಅದೂ ಕಾಟಾಚಾರಕ್ಕಲ್ಲ, ಎದುರಾಳಿಯೇ ‘ಹೌದು, ನನ್ನ ಮಾತು ಇದೇ’ ಎಂದು ಒಪ್ಪುವ ಹಾಗೆ. ಅಲ್ಲಿಯವರೆಗೆ ತಮ್ಮ ಪರವಾಗಿ ತುಟಿ ಪಿಟಕ್ಕೆನ್ನುವಂತಿಲ್ಲ. ಹೊಸ ಮಕ್ಕಳು ಗೊಣಗುತ್ತಿದ್ದರು. ಆಮೇಲೆ ಅದು ಎಷ್ಟು ಮೈಗೂಡುತ್ತಿತ್ತೆಂದರೆ, ಕ್ಯಾಂಟೀನಿನಲ್ಲಿ ಜಗಳವಾಡುವಾಗಲೂ ಅದೇ ಚಾಳಿ. ಈ ಚಾಳಿ ಒಂದು ದಿನ ಒಬ್ಬ ಹುಡುಗಿಯ ಕುತ್ತಿಗೆಗೇ ಬರುತ್ತದೆಂದು ಮೇಷ್ಟ್ರು ಕನಸಿನಲ್ಲೂ ಎಣಿಸಿರಲಿಲ್ಲ.

ಕಾಲೇಜು ಚರ್ಚಿನದು. ಬೆಳಿಗ್ಗೆ ಪಾಠಕ್ಕೆ ಮುಂಚೆ ಎಲ್ಲರೂ ಪ್ರಾರ್ಥನಾ ಮಂದಿರದಲ್ಲಿ ಸೇರಬೇಕು. ಕೊನೆಯಲ್ಲಿ ಎದ್ದು ನಿಂತು, ದೇವರ ಬಗ್ಗೆ ‘ನಾನು ನಂಬುತ್ತೇನೆ’ ಎಂದು ಒಟ್ಟಾಗಿ ಹೇಳಬೇಕು. ಮೇಷ್ಟ್ರದು ಯಾವಾಗಲೂ ಮುಂದಿನ ಸಾಲು, ಎಲ್ಲರಿಗಿಂತ ಮೇಲಿನ ದನಿ. ಅವರ ಮೆಚ್ಚಿನ ಶಿಷ್ಯೆ, ಅಂತಿಮ ವರ್ಷದ ಆ ಹುಡುಗಿ ಮಾತ್ರ ತಿಂಗಳುಗಟ್ಟಲೆ ಗೈರುಹಾಜರು. ನಿಯಮದ ಪ್ರಕಾರ ಅವಳಿಗೆ ಪದವಿ ಇಲ್ಲ, ಕಾಲೇಜಿನಿಂದ ಹೊರಗೆ. ಓದಿದ್ದೆಲ್ಲ ಮಣ್ಣುಪಾಲು.

ವಿಚಾರಣೆ ಮುಖ್ಯಸ್ಥರ ಕೋಣೆಯಲ್ಲಿ. ಉದ್ದನೆಯ ಮೇಜು, ಗೋಡೆಯ ಮೇಲೆ ಮರದ ಶಿಲುಬೆ, ಕಿರುಗುಟ್ಟುವ ಫ್ಯಾನು. ತೀರ್ಪು ಕೊಡುವವರು ಕಾಲೇಜಿನ ಮುಖ್ಯಸ್ಥರಾದ ಫಾದರ್. ಪಕ್ಕದಲ್ಲಿ ಮೇಷ್ಟ್ರು ಸಲಹೆಗಾರರಾಗಿ ಕೂತಿದ್ದರು. ಸಲಹೆಗಾರರು ಯಾರ ಪರವೂ ಮಾತಾಡುವಂತಿಲ್ಲ. ಹುಡುಗಿಯ ಜೊತೆ ಅವಳನ್ನು ಸಾಕಿದ ದೊಡ್ಡಮ್ಮ ಬಂದಿದ್ದರು, ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡು.

“ಏನಮ್ಮಾ, ನಿನ್ನ ಕಡೆಯಿಂದ ಏನು ಹೇಳ್ತೀಯ?” ಎಂದರು ಫಾದರ್.

ಹುಡುಗಿ ಎದ್ದು ನಿಂತಳು. “ಇಲ್ಲಿಗೆ ಸೇರುವಾಗ ಪ್ರಾರ್ಥನೆಗೆ ಬರ್ತೀನಿ ಅಂತ ನಾನೇ ಒಪ್ಪಿದ್ದೆ ಫಾದರ್. ಯಾರೂ ಬಲವಂತ ಮಾಡಿರಲಿಲ್ಲ. ತಾನು ಕೊಟ್ಟ ಮಾತೇ ಉಳಿಸಿಕೊಳ್ಳದವಳು ನಾಳೆ ವಕೀಲಳಾಗಿ ಯಾರನ್ನ ಉದ್ಧಾರ ಮಾಡ್ತಾಳೆ? ಇವತ್ತು ಒಬ್ಬಳನ್ನ ಬಿಟ್ರೆ ನಾಳೆ ಮಂದಿರವೇ ಖಾಲಿ. ಈ ಕಾಲೇಜು ನಿಂತಿರೋದೇ ಆ ನಂಬಿಕೆ ಮೇಲೆ.” ಇಷ್ಟು ಹೇಳಿ, ಒಪ್ಪಿಗೆಗಾಗಿ ಫಾದರ್ ಮುಖವನ್ನೇ ನೋಡುತ್ತ ನಿಂತಳು.

“ಹೌದಮ್ಮ, ನಾನು ಹೇಳಬೇಕು ಅಂದ್ಕೊಂಡಿದ್ದೂ ಇದೇ!” ಫಾದರ್ ಪೆನ್ನಿನ ಮುಚ್ಚಳ ಹಾಕಿಬಿಟ್ಟರು. “ತಪ್ಪು ಒಪ್ಪಿಕೊಂಡೆಯಲ್ಲ, ಒಳ್ಳೇದು. ಇನ್ನು ವಿಚಾರಣೆ ಯಾಕೆ?”

“ಅಯ್ಯೋ ದೇವ್ರೇ!” ದೊಡ್ಡಮ್ಮ ಹಣೆ ಚಚ್ಚಿಕೊಂಡರು. “ಲಾ ಓದು ಅಂತ ಕಳಿಸಿದ್ರೆ ತನ್ನ ತಲೆ ಮೇಲೆ ತಾನೇ ಚಪ್ಪಡಿ ಎಳ್ಕೊಳ್ಳೋದು ಕಲ್ತಿದಾಳಲ್ಲ! ಯಾವ ಪುಣ್ಯಾತ್ಮ ಕಲಿಸಿದ್ನೋ!”

ಪುಣ್ಯಾತ್ಮರು ಎದುರಿಗೇ ಕೂತು ಬೆವರುತ್ತಿದ್ದರು. ಹುಡುಗಿ ಕಕ್ಕಾಬಿಕ್ಕಿಯಾಗಿ ಅವರ ಕಡೆ ನೋಡಿದಳು. ಅವಳ ವಾದ ಇನ್ನೂ ಶುರುವೇ ಆಗಿರಲಿಲ್ಲ. ಸಲಹೆಗಾರರು ಬಾಯಿ ಬಿಡಬಾರದಂತೆ! ಬಾಯಿ ಮುಚ್ಚಿ ಕೂರುವುದಕ್ಕೇನಾ ಇಷ್ಟು ವರ್ಷ ಕಾನೂನು ಕಲಿಸಿದ್ದು? ಮೇಷ್ಟ್ರಿಗೆ ತಮ್ಮ ಮೇಲೇ ಸಿಟ್ಟು ಬಂತು. ದಡಕ್ಕನೆ ಎದ್ದು, ಕುರ್ಚಿ ಎತ್ತಿಕೊಂಡು ಹೋಗಿ ಹುಡುಗಿಯ ಪಕ್ಕದಲ್ಲಿ ಇಟ್ಟರು.

“ಫಾದರ್, ಇನ್ನು ನಾನು ಸಲಹೆಗಾರ ಅಲ್ಲ. ಇವಳು ಹೇಳಿದ್ದು ತಪ್ಪೊಪ್ಪಿಗೆ ಅಲ್ಲ, ನಿಮ್ಮ ವಾದ. ನಮ್ಮ ಕ್ಲಾಸಿನಲ್ಲಿ ಎದುರಿನವರ ಮಾತು ಮೊದಲು. ಈ ಹುಚ್ಚು ಹಿಡಿಸಿದ ಪುಣ್ಯಾತ್ಮ ನಾನೇ.”

ದೊಡ್ಡಮ್ಮ ನಾಲಿಗೆ ಕಚ್ಚಿಕೊಂಡರು. ಫಾದರ್ ಕೆಟ್ಟ ಮನುಷ್ಯರೇನಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. “ನನ್ನ ಮಾತನ್ನ ನನಗಿಂತ ಚೆನ್ನಾಗಿ ಹೇಳಿದಳು ಬಿಡಿ. ಹಾಗಾದ್ರೆ ಈಗ ಅವಳ ಮಾತನ್ನ ನಾನು ಹೇಳಬೇಕು, ಅಲ್ವಾ?”

“ಅದೇ ಪದ್ಧತಿ.”

“ಬೆಳಿಗ್ಗೆ ಏಳೋಕೆ ಸೋಮಾರಿತನ?” ಹುಡುಗಿ ಅಲ್ಲವೆಂದು ತಲೆಯಾಡಿಸಿದಳು. “ದೇವರ ಮೇಲೆ ಕೋಪ?”

“ಇಲ್ಲ ಫಾದರ್.”

“ಬೇರೆ ಯಾವುದಾದ್ರೂ ಧರ್ಮಕ್ಕೆ ಸೇರ್ಕೊಂಡ್ಯಾ?”

“ಬಿಡ್ತು ಅನ್ನಿ!” ಎಂದರು ದೊಡ್ಡಮ್ಮ.

“ಸೋತೆ. ನೀನೇ ಹೇಳು ಮಗಳೇ.”

“ನಾನು ದಿನಾ ಬರ್ತೀನಿ ಫಾದರ್. ಬಾಗಿಲಾಚೆ ನಿಂತಿರ್ತೀನಿ. ಒಳಗೆ ಬಂದ್ರೆ ಕೊನೇಲಿ ಆ ಮಾತು ಹೇಳಬೇಕು. ಗೊತ್ತಿಲ್ಲದ್ದನ್ನ ಗೊತ್ತು ಅಂತ ಸಾಕ್ಷಿ ಹೇಳಬಾರದು ಅಂತ ಸರ್ ಕಲಿಸಿದ್ದಾರೆ. ನಾನು ನಂಬ್ತೀನೋ ಇಲ್ವೋ, ನನಗೇ ಇನ್ನೂ ಗೊತ್ತಿಲ್ಲ. ನಂಬಬೇಕು ಅನ್ನೋ ಆಸೆ ಮಾತ್ರ ಇದೆ. ಅದಕ್ಕೇ ನಿಂತಿರ್ತೀನಿ.”

“ಮನೇಲಿ ಒಂದು ಮಾತು ಹೇಳಬಾರದಿತ್ತೇನೇ?” ಎಂದರು ದೊಡ್ಡಮ್ಮ. ಅವಳ ಕೈಯನ್ನು ಎಳೆದು ತಮ್ಮ ಕೈಚೀಲದ ಮೇಲೆ ಇಟ್ಟುಕೊಂಡರು.

ಫಾದರ್ ಪೆನ್ನಿನ ಮುಚ್ಚಳ ಮತ್ತೆ ತೆಗೆದರು. ಆಮೇಲೆ ತಡೆದು ತಡೆದು ಹೇಳಿದರು: “‘ಆ ಮಾತು ನನಗೆ ತುಂಬಾ ದೊಡ್ಡದು. ಅದಕ್ಕೇ ಸುಮ್ಮಸುಮ್ಮನೆ ಹೇಳಲ್ಲ.’ ಇದೇನಾ ನಿನ್ನ ವಾದ?”

“ಹೌದು ಫಾದರ್, ನನ್ನ ಮಾತು ಇದೇ.” ಹುಡುಗಿಯ ಕಣ್ಣು ತುಂಬಿ ಬಂತು.

“ಈಗ ನಿಮ್ಮ ವಾದ ಹೇಳಿ” ಎಂದರು ಮೇಷ್ಟ್ರು.

“ಇದಾದ ಮೇಲೆ ನನ್ನ ಹತ್ರ ಏನು ಉಳೀತು ಮೇಷ್ಟ್ರೇ? ಬಾಗಿಲಲ್ಲಿ ನಿಂತವರೂ ಹಾಜರೇ. ಅವಳು ಓದು ಮುಗಿಸಲಿ. ನಾಳೆಯಿಂದ ಆ ಬಾಗಿಲು ಮುಚ್ಚೋದು ಬೇಡ.”

ಮರುದಿನ ಬೆಳಿಗ್ಗೆ ಮಂದಿರದ ಬಾಗಿಲು ತೆರೆದೇ ಇತ್ತು. ಹುಡುಗಿ ಹೊಸ್ತಿಲ ಹತ್ತಿರ ನಿಂತಿದ್ದಳು. ಮೇಷ್ಟ್ರು ಎಂದಿನಂತೆ ಮುಂದಿನ ಸಾಲಿನಲ್ಲಿ. ಪ್ರಾರ್ಥನೆ ಮುಗಿಯುತ್ತ ಬಂತು, ಎಲ್ಲರೂ ಎದ್ದರು. ಪ್ರತಿದಿನ ಒಂದೇ ಉಸಿರಿಗೆ ಮುಗಿಸುತ್ತಿದ್ದ ಫಾದರ್ ಅಂದು ಆ ಮಾತಿನ ಮುಂದೆ ನಿಂತರು. ಕಟಕಟೆಯಲ್ಲಿ ಪ್ರಮಾಣ ಮಾಡುವವರ ಹಾಗೆ ತಮ್ಮನ್ನೇ ಒಮ್ಮೆ ಕೇಳಿಕೊಂಡರೇನೋ, ಆಮೇಲೆ ಮೆಲ್ಲಗೆ ‘ನಾನು ನಂಬುತ್ತೇನೆ’ ಎಂದರು.

ಮೇಷ್ಟ್ರು ಬಾಯಿ ತೆರೆದರು. ದನಿ ಹೊರಡಲಿಲ್ಲ. ಇಷ್ಟು ವರ್ಷ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದ ಮಾತು ತಮಗೆ ನಿಜವಾಗಿ ಗೊತ್ತೇ ಎಂದು ಅವರು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ತರಗತಿಯಲ್ಲಾದರೆ ಇಂಥ ಸಾಕ್ಷಿಯನ್ನು ಅವರೇ ಕಟಕಟೆಯಿಂದ ಕೆಳಗಿಳಿಸುತ್ತಿದ್ದರು. ಸಾಲು ಬಿಟ್ಟು ಹೊರಬಂದು, ನಡುವಿನ ದಾರಿಯಲ್ಲಿ ನಡೆದು ಬಾಗಿಲ ಹತ್ತಿರ ಹೋದರು. ಹುಡುಗಿ ಸ್ವಲ್ಪ ಸರಿದು ಜಾಗ ಕೊಟ್ಟಳು.