ಹೊದಿಕೆ ಸಪಾಟಾದಲ್ಲಿ

ಎಣ್ಣೆ ಅಂಗೈಯಲ್ಲಿ ಬೆಚ್ಚಗಾಗುತ್ತಿದೆ, ಇನ್ನೊಂದು ಸಲ ಉಜ್ಜಬೇಕು, ತಣ್ಣನೆ ಕೈ ಲೋರ್ನಾಳದ್ದು, ಏಡಿ ಬಿಡಿಸುವ ಕಾರ್ಖಾನೆಯ ಮಂಜುಗಡ್ಡೆಯಲ್ಲಿ ವರ್ಷಗಟ್ಟಲೆ ಅದ್ದಿದ ಕೈ, ಇವತ್ತು ಮಾಲೀಶಿನ ಪರೀಕ್ಷೆಯಲ್ಲಿ ಫೇಲಾದರೆ ಮತ್ತೆ ಅಲ್ಲಿಗೇ, ಆ ರಬ್ಬರ್ ಬೂಟು, ಆ ವಾಸನೆ, ಬೇಡಪ್ಪಾ ಬೇಡ — ಮೇಜಿನ ಮೇಲೆ ಮುರ್ಡೊ, ಕೇಪ್ ಬ್ರೆಟನ್ನಿನ ಗಣಿಯಲ್ಲಿ ಕಲ್ಲಿದ್ದಲು ಅಗೆದ ಮುದುಕ, ಕಾಲೇಜಿನ ಕ್ಲಿನಿಕ್ಕಿಗೆ ಮಾಲೀಶಿಗೆ ಬರುವವನು, ಬಲಗಾಲು ಹೊದಿಕೆಯಡಿ ದಿಬ್ಬವಾಗಿದೆ, ಎಡಗಡೆ ಮೊಣಕಾಲಿನವರೆಗೆ ದಿಬ್ಬ, ಆಮೇಲೆ ಸಪಾಟು, ಕೊನೆಯವರೆಗೂ ಬರೀ ಸಪಾಟು, ಮೂಲೆಯಲ್ಲಿ ಡೆನೀಸ್ ಟೀಚರ್, ಸ್ನಾಯು ಮೂಳೆ ನರ ಎಲ್ಲವನ್ನೂ ಅರೆದು ಕುಡಿಸಿದವಳು, ಇದು ಕೊನೆಯ ಪರೀಕ್ಷೆ, ಕೈಯಲ್ಲಿ ಪೆನ್ಸಿಲ್ಲು, ಮೊದಲ ದಿನವೇ ಗದರಿದ್ದಳಲ್ಲ, ಏನೇ ಅದು, ರೊಟ್ಟಿ ಹಿಟ್ಟು ನಾದ್ತಿದ್ದೀಯಾ, ಮನುಷ್ಯರ ಬೆನ್ನು ಕಣೇ, ಒಂದು ಕೈ ಯಾವಾಗಲೂ ಮೈಮೇಲೇ ಇರಬೇಕು, ಕೈ ಬಿಟ್ಟೆಯೋ ಕೆಟ್ಟೆ — ಆಗಲೇ ಕೆಟ್ಟಾಯಿತು, ಅಭ್ಯಾಸಬಲದಿಂದ ಲೋರ್ನಾ ಎರಡೂ ಪಾದಗಳ ಅಡಿಗೆ ಹೊದಿಕೆ ಸಿಕ್ಕಿಸಹೋದಳು, ಎಡಗಡೆ ಕೈಗೆ ಏನೂ ಸಿಗದೆ ನಾಚಿಕೆಯಿಂದ ಸತ್ತಳು, ಮುರ್ಡೊ ನಕ್ಕ, ಇರಲಿ ಬಿಡು ಮಗಳೇ, ಇಲ್ಲದ ಆ ಕಾಲ್ಬೆರಳಿಗೂ ಚಳಿ ಆಗುತ್ತೆ. ಈಗ ಆ ಬೆರಳೇ ಬಾಗಿ ಸೆಟೆದುಕೊಂಡಿದೆಯಂತೆ, ಗಣಿ ನುಂಗಿದ ಹೆಬ್ಬೆರಳು, ಪಾಠದಲ್ಲಿದ್ದ ಹಾಗೆ, ಇರುವ ಬಲಗಾಲನ್ನು ತಿಕ್ಕಿದಳು, ಮೋಟುಗಾಲನ್ನು ಮೆತ್ತಗೆ ಒತ್ತಿದಳು, ಹೇಗಿದೆ ಮುರ್ಡೊ, ಸುಳ್ಳು ಹೇಳಲಾ ನಿಜ ಹೇಳಲಾ, ನಿಜ ಹೇಳಿ, ಪ್ರಾಣ ಹೋಗ್ತಿದೆ ತಾಯಿ, ಇನ್ನೂ ಸ್ವಲ್ಪ ಕೆಳಗೆ — ಕೆಳಗೆ ಏನಿದೆ, ಸಪಾಟು ಹೊದಿಕೆ, ಮುದುಕನ ಹಣೆಯಲ್ಲಿ ಬೆವರು, ಮೂಲೆಯಲ್ಲಿ ಪೆನ್ಸಿಲ್ಲು, ಏಡಿ, ಮಂಜುಗಡ್ಡೆ, ಕೆಟ್ಟರೆ ಕೆಡಲಿ, ಮೊಣಕಾಲಿನಿಂದ ಕೈ ಜಾರಿಸಿದಳು, ಮೀನಖಂಡ ಇರಬೇಕಾದಲ್ಲಿ ನಿಧಾನ, ಹಿಮ್ಮಡಿಯ ತಿರುವಿನಲ್ಲಿ ಇನ್ನೂ ನಿಧಾನ, ಮುರ್ಡೊ ಕತ್ತೆತ್ತಿ ನೋಡುತ್ತಲೇ ಇದ್ದಾನೆ, ಬಾಗಿದ ಹೆಬ್ಬೆರಳನ್ನು ಹಿಡಿದು, ಮೆಲ್ಲಗೆ, ನೆಟ್ಟಗೆ — ಹಾ, ಸಿಕ್ಕಿತು, ಬಿಡಬೇಡ — ತಲೆ ದಿಂಬಿಗೆ ಬಿತ್ತು, ಉಸಿರು ಇಳಿಯಿತು, ಕಣ್ಣು ಮುಚ್ಚಿತು, ಹೆಜ್ಜೆ ಸಪ್ಪಳ, ಪಕ್ಕದಲ್ಲೇ ಡೆನೀಸ್, ಲೋರ್ನಾ, ನಿನ್ನ ಕೈ ಎಲ್ಲಿದೆ, ನನ್ನ ಕಾಲ ಮೇಲಿದೆ, ಅಂದ ಮುರ್ಡೊ ಕಣ್ಣು ಬಿಡದೆ, ನೀವು ಸ್ವಲ್ಪ ಸುಮ್ನಿರ್ತೀರಾ, ನಿದ್ದೆ ಬರ್ತಿದೆ — ಪರೀಕ್ಷೆಯ ಹೊತ್ತು ಮುಗಿಯಿತು, ಕೈ ತೆಗೆಯಬೇಕು, ತೆಗೆದರೆ ಮತ್ತೆ ಸೆಟೆದುಕೊಂಡರೆ, ಸಪಾಟು ಹೊದಿಕೆ, ಅದರ ಮೇಲೆ ತನ್ನೆರಡು ಕೈ, ಎಂದೂ ಇಷ್ಟು ಬೆಚ್ಚಗಿರದ ಕೈ, ಪೆನ್ಸಿಲ್ಲು ಕಿವಿಯ ಹಿಂದೆ ಸೇರಿದೆ, ಡೆನೀಸ್ ಬಾಗಿದ್ದಾಳೆ, ಸಪಾಟು ಹೊದಿಕೆ, ಅದರ ಅಂಚನ್ನು ಎಡಗಡೆ ಸಿಕ್ಕಿಸುತ್ತಿದ್ದಾಳೆ, ಮೆಲ್ಲಗೆ, ಆ ಬೆರಳಿಗೂ ಚಳಿಯಾಗದ ಹಾಗೆ, ಸಪಾಟು ಹೊದಿಕೆ —