ಸೇವಂತಿಯ ತವರು

ಚಾಳಿನ ಗ್ಯಾಲರಿಯಲ್ಲಿ ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ದೂಜನ ಕೈಯನ್ನು ಕಾಂತಪ್ಪ ಹಿಡಿದುಕೊಂಡ.

"ತಡಿ ಮಾರಾಯ. ಸೇವಂತಿಯ ತವರಿನ ಸೀರೆ ಬರಲಿ."

"ಇದು ಆಟಿ ತಿಂಗಳು ಕಾಂತಣ್ಣ. ಊರಿನ ಸ್ಟೀಮರು ಬಂದ್. ಬಂದರೂ, ಅತ್ತಿಗೆಯ ತವರಲ್ಲಿ ಈಗ ಯಾರುಂಟು? ಸ್ಟೇಷನ್ ಹತ್ತಿರ ಒಂದು ಸೀರೆ ತರ್ತೇನೆ, ಮಳೆ ಬಿಟ್ಟಿರುವಾಗಲೇ ಹೊರಡುವ."

"ಸ್ಟೇಷನ್ ಅಂಗಡಿ ಅವಳ ತವರಾ?"

ದೂಜ ಹಗ್ಗ ಬಿಟ್ಟ. ಫೋರ್ಟಿನ ಹೋಟೆಲಿನಲ್ಲಿ ಕಾಂತಪ್ಪನ ಪಕ್ಕದ ಒಲೆಯೇ ಅವನದು. ಆ ಹಟ ಅವನಿಗೆ ಗೊತ್ತು. ಮುತ್ತೈದೆಗೆ ಕಡೆಯ ಸೀರೆ ತವರಿನದೇ ಆಗಬೇಕು, ಅದನ್ನು ಹೊದೆಸದೆ ಎತ್ತುವಂತಿಲ್ಲ.

"ಅಪ್ಪ ಬೆಳಗ್ಗೆಯೇ ನಮ್ಮನೆಯವರನ್ನು ಮನೋರಿಗೆ ಕಳಿಸಿದ್ದಾರೆ," ಎಂದಳು ಮಗಳು ವಿನೋದಿನಿ. "ಮಲಾಡ್ ತನಕ ಲೋಕಲ್, ಆಮೇಲೆ ದೋಣಿಯಲ್ಲಿ ಖಾಡಿ ದಾಟಬೇಕು. ಕತ್ತಲಾಗುವ ಮೊದಲು ಬಂದರೆ ಸರಿ."

ಪಕ್ಕದ ಖೋಲಿಯ ಮೈಸೂರಿನ ಸುಬ್ಬಲಕ್ಷ್ಮಮ್ಮನಿಗೆ ಅರ್ಥವಾಗಲಿಲ್ಲ. "ಅಲ್ಲಿ ಬರೀ ಮೀನುಗಾರರಲ್ವೇನಮ್ಮ? ನಿಮ್ಮೋರು ಯಾರಿದಾರೆ?"

ಅಳುತ್ತಿದ್ದ ದೂಜ ಪಕ್ಕನೆ ನಕ್ಕುಬಿಟ್ಟ. "ಅಯ್ಯೋ, ಅದೊಂದು ದೊಡ್ಡ ಕತೆ!"

*

ಅದು ಕಾಂತಪ್ಪ, ಸೇವಂತಿಯರ ಮದುವೆಯ ಮೊದಲ ಆಟಿ, ಎಂದರೆ ಆಷಾಢ. ಹೊಸ ಮದುಮಗಳು ಆಟಿಯಲ್ಲಿ ತವರಿಗೆ ಹೋಗಿ ಕೂರಬೇಕು. ಮಳೆಗಾಲ, ಸ್ಟೀಮರಿಲ್ಲ. ಸೇವಂತಿ ಅನ್ನದ ಮಡಕೆಯ ಮುಂದೆ ಕೂತು ಮುಸುಮುಸು ಅತ್ತಳು. ಬಾಗಿಲಿಗೆ ಮೀನು ತರುತ್ತಿದ್ದ ಮನೋರಿಯ ಹಿರಾಬಾಯಿ ಕಾರಣ ಕೇಳಿ, "ಇಷ್ಟೇನಾ? ನಮ್ಮನೆಗೆ ಬಾ," ಎಂದಳು.

ಖಾಡಿಯಾಚೆ ಮೀನುಗಾರಿಕೆಗೆ ಬಿಡುವು. ಉದ್ದಕ್ಕೆ ಖಾಲಿ ಮರಳು, ತೆಂಗು, ಅಂಗಳದಲ್ಲಿ ಬೋರಲು ಹಾಕಿದ ದೋಣಿಗಳು. ಸೇವಂತಿ ಸೀರೆ ಎತ್ತಿಕಟ್ಟಿ ಅಲೆಗೆ ಓಡಿದಳು. "ಇಲ್ಲೂ ನಮ್ಮೂರಿನ ವಾಸನೆಯೇ!"

ಅವಳನ್ನು ಬಿಟ್ಟು ಹೋದ ಕಾಂತಪ್ಪ ಮರುದಿನವೇ ರಜೆ ಹಾಕಿ ಬಂದು ನಿಂತ. "ಅವಳು ಬಾಚಣಿಗೆ ಮರೆತಿದ್ದಳು."

ಹಿರಾಬಾಯಿ ಸೊಂಟಕ್ಕೆ ಕೈಯಿಟ್ಟಳು. "ಜಾವಯಿ, ನಿಮ್ಮ ಆಟಿಯ ಶಾಸ್ತ್ರ ಹುಡುಗಿ ಹೇಳಿದ್ದಾಳೆ. ಅಳಿಯ ಹೊಸ್ತಿಲು ದಾಟುವಂತಿಲ್ಲ."

ಅವನನ್ನು ದೋಣಿಯ ಅಡಿಗೆ ಕೂರಿಸಿದಳು. ಅನ್ನ ಅಲ್ಲಿಗೇ ಬಂತು, ಚಾಪೆಯೂ ಬಂತು. ಧೋ ಎನ್ನುವ ಮಳೆಯಲ್ಲಿ ಅವನು ದೋಣಿಯಡಿಯಿಂದ, ಅವಳು ಬಾಗಿಲಿನಿಂದ, ಕೂಗಿ ಕೂಗಿ ಮಾತಾಡಿದರು. ಅವನ ಬಟ್ಟಲಿಗೆ ಏಡಿ ಹತ್ತಿದಾಗ ಸೇವಂತಿ ನಕ್ಕ ನಗು ಖಾಡಿಯಾಚೆಗೂ ಕೇಳಿಸಿರಬೇಕು.

ಶಾಸ್ತ್ರವಿದ್ದದ್ದು ಮೊದಲ ವರ್ಷಕ್ಕೆ ಮಾತ್ರ. ಇವರು ಮಾತ್ರ ಪ್ರತಿ ಆಟಿಗೂ ಹೋದರು. ಮೊಮ್ಮಗು ಬಂದ ಮೇಲೂ ಹಿರಾಬಾಯಿ ಕಾಂತಪ್ಪನ ಮೊದಲ ಊಟವನ್ನು ದೋಣಿಯಡಿಯಲ್ಲೇ ಬಡಿಸುತ್ತಿದ್ದಳು.

*

"ದೋಣಿಯಡಿಯಲ್ಲಾ!" ಸುಬ್ಬಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡರು. ಗ್ಯಾಲರಿಯ ತುಂಬ ನಗು. ಕಾಂತಪ್ಪನೂ ನಕ್ಕ, ಕಣ್ಣು ಮಾತ್ರ ಮೆಟ್ಟಿಲಿನ ಮೇಲಿತ್ತು. ಮತ್ತೆ ಮಳೆ ಹಿಡಿಯಿತು.

ಬೆಳಕು ಕಂದುವ ಹೊತ್ತಿಗೆ, ವಿನೋದಿನಿಯ ಗಂಡನ ಭುಜ ಹಿಡಿದು ಹಿರಾಬಾಯಿ ಮೆಟ್ಟಿಲು ಹತ್ತಿ ಬಂದಳು. ಮುದುಕಿಯ ಮೊಣಕಾಲಿನವರೆಗೆ ಕೆಸರು, ತಲೆಯ ಮೇಲೆ ಗಂಟು.

"ಇಳಿತ. ದೋಣಿ ದಡ ಮುಟ್ಟಲಿಲ್ಲ, ಕೆಸರು ತುಳಿದೇ ಬಂದೆ," ಎನ್ನುತ್ತ ಗಂಟು ಬಿಚ್ಚಿದಳು. ಮೀನುಗಾರರ ಹಬ್ಬ ನಾರಳಿ ಪೂರ್ಣಿಮೆಗೆ ಉಡಲೆಂದು ತೆಗೆದಿಟ್ಟ ಹೊಸ ಹಸಿರು ಸೀರೆ. ಒಂದು ಹನಿಯೂ ತಾಗಿರಲಿಲ್ಲ.

ಸೀರೆ ಹಿಡಿದು ಸೇವಂತಿಯಿದ್ದ ಖೋಲಿಗೆ ನಡೆದ ಅವಳ ಹಿಂದೆಯೇ ಕಾಂತಪ್ಪ ಒಳಗೆ ಕಾಲಿಟ್ಟ. ಹಿರಾಬಾಯಿ ತಿರುಗಿ ಅವನ ಎದೆಗೆ ಅಂಗೈ ಒತ್ತಿದಳು.

"ಎಲ್ಲಿಗೆ ಜಾವಯಿ? ಮಗಳು ತವರಲ್ಲಿದ್ದಾಳೆ. ಇದು ಆಟಿ."

ಕಾಂತಪ್ಪ ಹಿಂದೆ ಸರಿದು, ಗ್ಯಾಲರಿಯ ಸೋರುವ ತಗಡಿನ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತ. ಅರೆತೆರೆದ ಬಾಗಿಲಲ್ಲಿ ಹಸಿರು ಸೀರೆಯ ಅಂಚು ಕಾಣುತ್ತಿತ್ತು. ಅದರಾಚೆ ಸೇವಂತಿಯ ಪಾದಗಳು. ಅವನು ತನ್ನೆದುರಿನ ಒದ್ದೆ ನೆಲವನ್ನು ಅಂಗೈಯಿಂದ ಮೆಲ್ಲಗೆ ಒರೆಸಿದ, ಎಲೆ ಹಾಕಲು ಬರುವವರಿಗೆ ಜಾಗ ಮಾಡಿಕೊಡುವವನಂತೆ.