ಗೋಡೆಯಮ್ಮನ ಲೆಕ್ಕ

ಚಳಿಗಾಲದಲ್ಲಿ ಮನೆಗಳನ್ನು ಬೆಚ್ಚಗೆ, ಬೇಸಿಗೆಯಲ್ಲಿ ತಣ್ಣಗೆ ಇಡುವ ಯಂತ್ರಗಳ ಮೆಕ್ಯಾನಿಕ್ ಅವರು. ಬೀದಿಯವರು ಕರೆಯುತ್ತಿದ್ದುದು ಮಾತ್ರ ಮೇಷ್ಟ್ರು ಎಂದು. ಶಾಲೆಯಲ್ಲಿ ಪಾಠ ಹೇಳಿದವರೇನಲ್ಲ, ಹೇಳಿಸಿಕೊಂಡದ್ದೂ ಅಷ್ಟಕ್ಕಷ್ಟೇ. ಆದರೆ ಒಂದು ಸ್ಕ್ರೂ ಬಿಗಿ ಮಾಡಲು ಕರೆದರೂ ಗೋಡೆ ಕೊರೆಯುವುದು ಐದು ನಿಮಿಷ, ಮನೆಯವರ ತಲೆ ಕೊರೆಯುವುದು ಅರ್ಧ ಗಂಟೆ. ಬಿಸಿಗಾಳಿ ಯಾಕೆ ಮೇಲಕ್ಕೇರುತ್ತದೆ ಎಂಬುದನ್ನು ಅವರ ಬಾಯಿಂದ ಕೇಳದ ಮನೆ ಆ ಬೀದಿಯಲ್ಲಿ ಒಂದೂ ಉಳಿದಿರಲಿಲ್ಲ.

ಇಂಥ ಮೇಷ್ಟ್ರು ಒಂದು ಭಾನುವಾರ ತಮ್ಮ ಮನೆಯ ಹಜಾರದ ಗೋಡೆಗೇ ವೈಫೈ ಕಂಟ್ರೋಲ್ ತಂದು ಹಾಕಿದರು. ಅಂಗೈಯಗಲದ ಬಿಳಿ ಪೆಟ್ಟಿಗೆ. ಎಲ್ಲೋ ದೂರದಲ್ಲಿ ಕೂತು ಫೋನಿನ ಮೇಲೆ ಬೆರಳು ಸವರಿದರೂ ಮನೆಯ ಬಿಸಿ ಏರುತ್ತಿತ್ತು, ಇಳಿಯುತ್ತಿತ್ತು. ಅಷ್ಟೇ ಅಲ್ಲ, ಕನ್ನಡದಲ್ಲಿ ಹೇಳಿದರೆ ಕೇಳಿಸಿಕೊಂಡು, ಕನ್ನಡದಲ್ಲೇ ಉತ್ತರ ಕೊಡುತ್ತಿತ್ತು. ಯಾವ ಮಾತಿಗೆ ಏನು ಮಾಡಬೇಕೆಂದು ಮನೆಯವರೇ ಅದಕ್ಕೆ ಕಲಿಸಬೇಕು. ಕಲಿಸುವ ಕೆಲಸ ಸಿಕ್ಕರೆ ಮೇಷ್ಟ್ರು ಬಿಟ್ಟಾರೆಯೇ? ಕನ್ನಡಕ ಮೂಗಿನ ತುದಿಗಿಳಿಸಿ ಎರಡು ಮಾತು ಕಲಿಸಿದರು. ‘ಹೋಗ್ತೀನಿ’ ಅಂದರೆ ಮನೆ ಖಾಲಿಯಾಯಿತು, ಹದಿನಾರು ಡಿಗ್ರಿಗೆ ಇಳಿಸು. ‘ಬರ್ತೀನಿ’ ಅಂದರೆ ಚಳಿಯಲ್ಲಿ ಯಾರೋ ಮನೆಗೆ ಬರುತ್ತಿದ್ದಾರೆ, ಎರಡು ಡಿಗ್ರಿ ಏರಿಸು. ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ. ಮೇಷ್ಟ್ರಿಗೂ ಏನೂ ಕಾಣಲಿಲ್ಲ.

ಅಮ್ಮ ಮಾತ್ರ ಮೂಗು ಮುರಿದರು. ಮೇಷ್ಟ್ರ ಅಮ್ಮ ಮೂವತ್ತು ವರ್ಷ ಕೋಳಿಮರಿ ಕೇಂದ್ರದಲ್ಲಿ ದುಡಿದವರು. ಮೊಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ಬಿಸಿ ಸಾಲದು, ಹೆಚ್ಚಾಯಿತು ಎಂದು ಹೇಳುತ್ತಿದ್ದರು; ಆಮೇಲೆ ಥರ್ಮಾಮೀಟರ್ ನೋಡಿದರೆ ಅದೂ ಹಾಗೇ ಹೇಳುತ್ತಿತ್ತು. ಮನೆಯಲ್ಲೂ ಅದೇ ವಿದ್ಯೆ. ಬೆಳಗ್ಗೆ ಎದ್ದವರೇ ಹಜಾರದ ಗೋಡೆಗೆ ಕೆನ್ನೆ ಇಟ್ಟು, ಯಾವ ಕಿಟಕಿ ತೆಗೆಯಬೇಕು, ಯಾವ ಪರದೆ ಎಳೆಯಬೇಕು, ಹೀಟರಿನ ತಿರುಪು ಎಷ್ಟು ತಿರುಗಿಸಬೇಕು ಎಂದು ತೀರ್ಮಾನಿಸುತ್ತಿದ್ದರು. ಈಗ ಕೆನ್ನೆ ಇಡುವ ಜಾಗದಲ್ಲೇ ಪೆಟ್ಟಿಗೆ ಬಂದು ಕೂತಿತ್ತು.

“ಈ ಗೋಡೆಯಮ್ಮ ಯಾರೋ?” ಎಂದರು.

“ಇನ್ಮೇಲೆ ನಿಂಗೆ ಆರಾಮು ಕಣಮ್ಮ. ಎಲ್ಲ ಅವಳೇ ನೋಡ್ಕೋತಾಳೆ.”

ಆರಾಮು ಎನ್ನುವ ಮಾತು ಅಮ್ಮನಿಗೆ ನೆಟ್ಟಗೆ ಚುಚ್ಚಿತು. ಮೇಷ್ಟ್ರಿಗೆ ತಿಳಿಯಲಿಲ್ಲ. ಅವರು ಆಗಲೇ ಬಿಸಿಗಾಳಿಯ ವಿಚಾರ ಶುರು ಮಾಡಿದ್ದರು.

ಸೋಮವಾರ ಬೆಳಗ್ಗೆ ಮೊದಲು ಮೇಷ್ಟ್ರ ಮಗಳು ಶಾಲೆಗೆ ಹೊರಟಳು. “ಅಜ್ಜೀ, ಬರ್ತೀನಿ!” ಗೋಡೆಯಮ್ಮ ಇಂಪಾದ ದನಿಯಲ್ಲಿ, “ಸುಸ್ವಾಗತ. ತಾವು ಬರುತ್ತಿರುವಿರಿ. ಮನೆಯನ್ನು ಬೆಚ್ಚಗಾಗಿಸಲಾಗುತ್ತಿದೆ” ಎಂದಳು. ಆಮೇಲೆ ಮೇಷ್ಟ್ರ ಹೆಂಡತಿ ಕನ್ನಡಕದ ಅಂಗಡಿಯ ಕೆಲಸಕ್ಕೆ ಹೊರಟರು. “ಅತ್ತೆ, ಬರ್ತೀನಿ.” “ಸುಸ್ವಾಗತ.” ಆಗಲೇ ಬಾಗಿಲಾಚೆ ಏಣಿ ಹೊತ್ತು ನಿಂತಿದ್ದ ಮೇಷ್ಟ್ರು ಅಲ್ಲಿಂದಲೇ ಕೂಗಿದರು, “ಅಮ್ಮಾ, ಬರ್ತೀನೀ!” ಹೊರಗಿನ ಗಲಾಟೆಯಲ್ಲಿ ಉತ್ತರ ಅವರ ಕಿವಿಗೆ ಬೀಳಲಿಲ್ಲ. ಮೂರು ಜನ ಹೋದರು. ಗೋಡೆಯಮ್ಮನ ಪ್ರಕಾರ ಮೂರು ಜನ ಬರುತ್ತಿದ್ದರು.

ಸಂಜೆ ಮೇಷ್ಟ್ರು ಬಾಗಿಲು ತೆಗೆದರೆ ಒಲೆಯ ಬಾಯಿ ತೆಗೆದಂತಾಯಿತು. ಇಪ್ಪತ್ತೆಂಟು ಡಿಗ್ರಿ! ಕಿಟಕಿಗಳೆಲ್ಲ ಹಾರು ಹೊಡೆದಿದ್ದವು. ಅಮ್ಮ ಹಜಾರದಲ್ಲಿಲ್ಲ, ಕೋಣೆಯಲ್ಲಿಲ್ಲ. ಕೊನೆಗೆ ನೋಡಿದರೆ ಬಚ್ಚಲಲ್ಲಿ ಸ್ಟೂಲು ಹಾಕಿಕೊಂಡು, ಬಕೆಟ್ಟಿನ ತಣ್ಣೀರಲ್ಲಿ ಕಾಲಿಟ್ಟು, ಪಾತ್ರೆಯ ಮುಚ್ಚಳದಲ್ಲಿ ಗಾಳಿ ಬೀಸಿಕೊಳ್ಳುತ್ತಾ ಕೂತಿದ್ದರು.

“ಮರಿ ಆಗೋಕೆ ಇನ್ನು ಹತ್ತು ಡಿಗ್ರಿ ಸಾಕು ಕಣೋ” ಎಂದರು. “ಕಿಟಕಿ ತೆಗೆದೆ. ತೆಗೆದಷ್ಟೂ ಅವಳು ಜೋರಾಗಿ ಊದ್ತಾಳೆ. ನಂಗೂ ಅವಳಿಗೂ ದಿನವಿಡೀ ಇದೇ ಜಗಳ.”

ಮೇಷ್ಟ್ರು ಪೆಟ್ಟಿಗೆ ಬಿಚ್ಚಿದರು, ತಂತಿ ನೋಡಿದರು, ತಲೆ ಕೆರೆದುಕೊಂಡರು. ಎಲ್ಲ ಸರಿಯಾಗಿಯೇ ಇತ್ತು. ಫೋನಿನಲ್ಲಿ ಬೆಳಗಿನಿಂದ ನಡೆದದ್ದನ್ನು ಓದಿದಾಗ ಕಾರಣ ಹೊಳೆಯಿತು. ಮನೆಯವರನ್ನೆಲ್ಲ ಹಜಾರದಲ್ಲಿ ಸಾಲಾಗಿ ನಿಲ್ಲಿಸಿ ಪಾಠ ಶುರು ಮಾಡಿದರು.

“ತಪ್ಪು ನಮ್ದೇ. ಹೊರಡೋವಾಗ ಬರ್ತೀನಿ ಅಂದ್ರೆ...”

“ಸುಸ್ವಾಗತ” ಎಂದಳು ಗೋಡೆಯಮ್ಮ.

“...ಇದಕ್ಕೆ ಹೇಗೆ ಅರ್ಥ ಆಗ್ಬೇಕು? ನಾಳೆಯಿಂದ ಎಲ್ರೂ ನೇರವಾಗಿ, ಹೋಗ್ತೀನಿ...”

“ಶುಭ ಪ್ರಯಾಣ. ಮನೆಯಲ್ಲಿ ಯಾರೂ ಇಲ್ಲ.”

“ಬಾಯ್ಮುಚ್ಚೇ! ...ಅಂತ ಹೇಳಿ ಹೊರಡ್ಬೇಕು.”

ಅಮ್ಮನ ಕೈಯಲ್ಲಿದ್ದ ಮುಚ್ಚಳ ಠಣ್ಣೆಂದು ನೆಲಕ್ಕೆ ಬಿತ್ತು. “ಏನಂದೆ? ಮನೆ ಬಿಟ್ಟು ಹೊರಡೋವಾಗ ಅಂಥಾ ಮಾತು ಆಡ್ತಾರೇನೋ? ಬಿಡ್ತು ಅನ್ನು!”

“ಅಮ್ಮ, ಇದು ಬರೀ ಒಂದು ಬಟನ್ ಇದ್ದ ಹಾಗೆ...”

“ಬಿಡ್ತು ಅನ್ನೋ ಮೊದ್ಲು!”

“ಬಿಡ್ತು” ಎಂದರು ಮೇಷ್ಟ್ರು. ಆದರೆ ಹಟ ಬಿಡಲಿಲ್ಲ. ಅದಕ್ಕೆ ಕಾರಣವೂ ಇತ್ತು. ಗುರುವಾರ ಅವರ ಮ್ಯಾನೇಜರು ಒಬ್ಬ ಬಿಲ್ಡರ್ ಮೇಡಂ ಅವರನ್ನು ಕರೆದುಕೊಂಡು ಈ ಮನೆಗೇ ಬರುವವರಿದ್ದರು. ಪೆಟ್ಟಿಗೆಯ ಕೆಲಸ ಕಣ್ಣಾರೆ ಕಂಡು ಮೆಚ್ಚಿದರೆ ಆಕೆಯ ನಲವತ್ತು ಹೊಸ ಮನೆಗಳಿಗೂ ಇದೇ. ಹಾಗೇನಾದರೂ ಆದರೆ ಮಂಡಿನೋವಿನ ಮೇಷ್ಟ್ರು ಏಣಿ ಹತ್ತುವುದು ತಪ್ಪಿ, ಹೊಸಬರಿಗೆ ಕೆಲಸ ಕಲಿಸುವ ನಿಜವಾದ ಮೇಷ್ಟ್ರೇ ಆಗುತ್ತಿದ್ದರು.

ಮಂಗಳವಾರ ಬೆಳಗ್ಗೆ ಮಗಳು ತುಟಿ ಪಿಟಕ್ಕೆನ್ನದೆ ಜಾರಿಕೊಂಡಳು. ಹೆಂಡತಿ, “ರೀ, ನಿಮ್ಮ ಪಾಠ ನೀವೇ ಒಪ್ಪಿಸ್ಕೊಳ್ಳಿ” ಎಂದು ಕೈಸನ್ನೆ ಮಾಡಿ ಹೊರಟರು. ಉಳಿದವರು ಮೇಷ್ಟ್ರು. ಬಾಗಿಲಲ್ಲಿ ನಿಂತು, ಅಮ್ಮನ ಮುಖ ನೋಡದೆ, ಗೋಡೆಗೆ ಹೇಳಿದರು, “ಹೋಗ್ತೀನಿ.”

“ಶುಭ ಪ್ರಯಾಣ. ಮನೆಯಲ್ಲಿ ಯಾರೂ ಇಲ್ಲ. ಬಿಸಿಯನ್ನು ಇಳಿಸಲಾಗುತ್ತಿದೆ.”

ಅಮ್ಮ ಅಲ್ಲೇ ನಿಂತಿದ್ದರು, ಗೋಡೆಯಮ್ಮನಿಂದ ಎರಡು ಮಾರು ದೂರದಲ್ಲಿ. “ಯಾರೂ ಇಲ್ವಂತೆ” ಎಂದರು ಮೆಲ್ಲಗೆ. “ಹಾಗಾದ್ರೆ ನಾನ್ಯಾರೋ?”

ಮೇಷ್ಟ್ರು, “ಅಯ್ಯೋ, ಅದು ಯಂತ್ರ ಕಣಮ್ಮ, ನಾನು ಫೋನಲ್ಲಿ ಸರಿ ಮಾಡ್ತೀನಿ” ಎಂದು ಓಡಿದರು. ಮಾಡಬೇಕೆಂದೇ ಇದ್ದರು ಪಾಪ. ಯಾರದೋ ಚಾವಣಿಯ ಮೇಲೆ ಏಣಿ, ತಂತಿ, ಮಂಡಿನೋವಿನ ನಡುವೆ ಮರೆತೇಬಿಟ್ಟರು. ಸಂಜೆ ಬಂದು ನೋಡಿದರೆ ಮನೆ ಕೊರೆಯುತ್ತಿತ್ತು. ಅಮ್ಮ ಎರಡು ಶಾಲು ಹೊದ್ದು ಮಂಚದ ಮೇಲೆ ಕೂತಿದ್ದರು. ಪಕ್ಕದಲ್ಲಿ ಬಟ್ಟೆಯ ಚೀಲ, ಚೀಲದ ಮೇಲೆ ದಿಂಬು.

“ಗುರುವಾರ ನಿಮ್ಮಕ್ಕನ ಮನೆಗೆ ಹೊರಡ್ತಿದೀನಿ. ಬಸ್ಸಿಗೆ ಟಿಕೆಟ್ ಮಾಡಿಸಾಯ್ತು.”

“ಎಷ್ಟು ದಿನಕ್ಕಮ್ಮ?”

“ದಿಂಬು ತಗೊಂಡಿದೀನಿ” ಎಂದರು ಅಮ್ಮ.

ಆ ದಿಂಬು ಬಿಟ್ಟು ಬೇರೆ ದಿಂಬಿನ ಮೇಲೆ ಅಮ್ಮನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಆದರೂ ಎರಡು ದಿನ, ಮೂರು ದಿನಕ್ಕೆ ಅಂತ ಹೋದಾಗೆಲ್ಲ ಅದನ್ನು ಮನೆಯಲ್ಲೇ ಬಿಟ್ಟು ಹೋಗಿ, ನಿದ್ದೆಗೆಟ್ಟು, ಬೇಗ ವಾಪಸ್ ಬರುತ್ತಿದ್ದರು. ದಿಂಬು ಹೊರಟಿದೆ ಎಂದರೆ ಅಮ್ಮ ಪೂರ್ತಿ ಹೊರಟಂತೆಯೇ. ಮೇಷ್ಟ್ರು ತಪ್ಪಾಯಿತು ಅನ್ನಬೇಕಿತ್ತು. ಬಾಯಿಗೆ ಬಂದದ್ದು ಮಾತ್ರ, “ಗುರುವಾರ ಒಂದು ಕಳೀಲಮ್ಮ, ಆಮೇಲೆ ಎಲ್ಲ ಸರಿ ಮಾಡ್ತೀನಿ.” ಅಡುಗೆಮನೆಯಿಂದ ಹೆಂಡತಿ ಧಡ್ಡನೆ ಒಂದು ಪಾತ್ರೆ ಕುಕ್ಕಿದರು. ಆ ಸದ್ದಿನ ಅರ್ಥ ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು.

ಗುರುವಾರ ಹನ್ನೊಂದಕ್ಕೆ ಮ್ಯಾನೇಜರು ಬಂದರು, ಜೊತೆಗೆ ಬಿಲ್ಡರ್ ಮೇಡಂ. ಐವತ್ತು ದಾಟಿದ ಹೆಂಗಸು, ಕಾಲಲ್ಲಿ ಸಿಮೆಂಟು ಮೆತ್ತಿದ ಬೂಟು. ರಜೆ ಹಾಕಿದ್ದ ಹೆಂಡತಿ ಕಾಫಿ ಕೊಟ್ಟರು. ಮೇಷ್ಟ್ರು ಫೋನಿನಲ್ಲಿ ಬಿಸಿ ಏರಿಸಿದರು, ಇಳಿಸಿದರು, ಬಿಸಿಗಾಳಿ ಯಾಕೆ ಮೇಲಕ್ಕೇರುತ್ತದೆ ಎಂದು ವಿವರಿಸಿದರು. ಮೇಡಂ ಆಕಳಿಸಿದರು.

“ಫೋನಿಂದು ಎಲ್ಲರ ಹತ್ರಾನೂ ಇದೆ ರೀ. ಯಾರಾದ್ರೂ ಮನೆ ಬಿಟ್ಟು ಹೊರಟ್ರೆ ಮಾತು ಕೇಳಿ ತಾನೇ ಇಳಿಸತ್ತೆ ಅಂದ್ರಲ್ಲ, ಅದು ತೋರಿಸಿ.”

ಸರಿಯಾಗಿ ಅದೇ ಹೊತ್ತಿಗೆ ಕೋಣೆಯಿಂದ ಅಮ್ಮ ಬಂದರು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕಂಕುಳಲ್ಲಿ ದಿಂಬು. ಬಸ್ಸಿಗೆ ಇನ್ನು ಒಂದು ಗಂಟೆಯಿತ್ತು.

ಮ್ಯಾನೇಜರ ಮುಖ ಅರಳಿತು. “ಓಹೋ, ಅಮ್ಮಾವ್ರೇ ಹೊರಟಿದಾರಲ್ಲ! ಕೇಳಿಕೊಂಡ್ರೂ ಸಿಗ್ತಿರ್ಲಿಲ್ಲ. ಅಮ್ಮಾ, ಆ ಪೆಟ್ಟಿಗೆ ಕಡೆ ತಿರುಗಿ ಆ ಒಂದು ಮಾತು ಹೇಳ್ಬಿಡಿ.”

ಅಮ್ಮ ಮಗನ ಮುಖ ನೋಡಿದರು. “ನಾನು ಹೇಳಿದ್ರೆ ನಿಂಗೆ ಏಣಿ ಹತ್ತೋದು ತಪ್ಪುತ್ತೇನೋ?”

ತಮ್ಮ ನಲವತ್ತೆಂಟು ವರ್ಷಗಳಲ್ಲಿ ಮೇಷ್ಟ್ರು ಒಂದು ಸಲವೂ ಅಮ್ಮನ ಬಾಯಿಂದ ಆ ಮಾತು ಕೇಳಿರಲಿಲ್ಲ. ಅಪ್ಪನೊಂದಿಗೆ ಜಗಳವಾಡಿ ತವರಿಗೆ ಹೊರಟ ದಿನವೂ ಬಾಗಿಲಲ್ಲಿ ನಿಂತು, ಹಲ್ಲು ಕಚ್ಚಿಕೊಂಡು, ಬರ್ತೀನಿ ಎಂದೇ ಹೋಗಿದ್ದರು. ಬಂದೂ ಇದ್ದರು. ಈಗ ದಿಂಬನ್ನು ಸರಿಯಾಗಿ ಅವುಚಿಕೊಂಡು, ಗೋಡೆಯಮ್ಮನ ಎದುರು ನಿಂತು, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರು. “ಹೋ...”

“ಬೇಡಮ್ಮಾ!” ಮೇಷ್ಟ್ರು ಕಿರುಚಿದರು. “ಹೋಗ್ತೀನಿ ಅನ್ಬೇಡ!”

“ಶುಭ ಪ್ರಯಾಣ” ಎಂದಳು ಗೋಡೆಯಮ್ಮ. “ಮನೆಯಲ್ಲಿ ಯಾರೂ ಇಲ್ಲ. ಬಿಸಿಯನ್ನು ಇಳಿಸಲಾಗುತ್ತಿದೆ.”

ಹಜಾರದಲ್ಲಿ ಐದು ಜನ ನಿಂತಿದ್ದರು. ಮ್ಯಾನೇಜರು ಕೆಂಪಾದರು. ಮೇಷ್ಟ್ರು ಅವರ ಕಡೆ ನೋಡಲೇ ಇಲ್ಲ. “ಕೆಲಸ ಸಿಗದಿದ್ರೆ ಬೇಡ. ಸಾಯೋವರೆಗೂ ಏಣಿ ಹತ್ತೀನಿ. ನಿನ್ನ ಬಾಯಲ್ಲಿ ಆ ಮಾತು ನಂಗೆ ಕೇಳೋಕಾಗಲ್ಲಮ್ಮ. ತಪ್ಪು ನಂದು. ನೀನು ಮನೇಲಿದ್ರೂ ಇಲ್ಲ ಅನ್ನೋ ಯಂತ್ರ ತಂದು ನಾನೇ ಗೋಡೆಗೆ ಹೊಡೆದೆ” ಎಂದರು.

ಅಮ್ಮ ಬಿಲ್ಡರ್ ಮೇಡಂ ಕಡೆ ತಿರುಗಿ, “ನೋಡಿದ್ರಾ? ಈವಮ್ಮನ ಲೆಕ್ಕದಲ್ಲಿ ಈಗ ನೀವೂ ಇಲ್ಲ. ಕಾಫಿ ಕುಡಿದಿದ್ದು ಯಾರೋ ಏನೋ” ಎಂದರು.

ಮೇಡಂ ಬಾಯಲ್ಲಿದ್ದ ಕಾಫಿ ನೆತ್ತಿಗೇರಿತು. ಕೆಮ್ಮುತ್ತಾ ನಗುತ್ತಾ ಕುರ್ಚಿ ಹಿಡಿದುಕೊಂಡರು.

“ಯಂತ್ರದ್ದೇನೂ ತಪ್ಪಿಲ್ಲ” ಅಮ್ಮ ಮುಂದುವರಿಸಿದರು. “ಕಲಿಸಿದ ಮೇಷ್ಟ್ರಿಗೇ ಪಾಠ ಬರಲ್ಲ. ಅಲ್ಲ ಕಣೋ ಪೆದ್ದೇ, ಬರ್ತೀನಿ...”

“ಸುಸ್ವಾಗತ.”

“ನೀನು ಸ್ವಲ್ಪ ಸುಮ್ನಿರವ್ವ. ಆ ಮಾತನ್ನ ನಾವು ಯಾರಿಗೋ ಹೇಳೋದು? ಮನೇಲಿ ಉಳಿದವರಿಗೆ ತಾನೇ? ಖಾಲಿ ಮನೆ ಮುಂದೆ ನಿಂತು ಯಾರಾದ್ರೂ ಹೇಳ್ತಾರಾ? ಅಂದ್ಮೇಲೆ ಆ ಮಾತು ಕಿವಿಗೆ ಬಿತ್ತು ಅಂದ್ರೆ ಒಳಗೆ ಯಾರೋ ಇದಾರೆ ಅಂತ್ಲೇ ಅರ್ಥ. ಬಿಸಿ ಇದ್ದಷ್ಟೇ ಇರ್ಲಿ, ಏರಿಸೋದೂ ಬೇಡ, ಇಳಿಸೋದೂ ಬೇಡ. ಮಾತೇ ಇಲ್ದೆ ಬೀಗದ ಸದ್ದು ಮಾತ್ರ ಕೇಳಿದ್ರೆ ಆಗ ಮನೆ ಖಾಲಿ. ಇಷ್ಟು ಕಲಿಸೋಕೆ ನಿಂಗೇನು ಬಂದಿತ್ತು ದಾಡಿ?”

ಮೇಷ್ಟ್ರು ಬಾಯಿ ತೆರೆದರು. ಹೇಳಲು ಏನೂ ಸಿಗಲಿಲ್ಲ. ಇಷ್ಟು ವರ್ಷದಲ್ಲಿ ಅವರಿಗೆ ಹೀಗಾದದ್ದು ಇದೇ ಮೊದಲು. ಹೆಂಡತಿ ಅದನ್ನು ಕಣ್ತುಂಬ ನೋಡಿದರು.

“ನಲವತ್ತು ಮನೆಗೂ ಹಾಕಿ” ಎಂದರು ಮೇಡಂ ಕಣ್ಣೊರೆಸಿಕೊಳ್ಳುತ್ತಾ. “ಆದ್ರೆ ಅಮ್ಮಾವ್ರು ಹೇಳಿದ ಹಾಗೆ ಕಲಿಸಿ ಹಾಕಿ. ನಮ್ಮಮ್ಮನೂ ಇಡೀ ದಿನ ಒಬ್ಬಳೇ ಮನೇಲಿರ್ತಾಳೆ.”

“ನಾನೂ ಅದನ್ನೇ ಹೇಳೋಣ ಅಂತಿದ್ದೆ ಮೇಡಂ” ಎಂದರು ಮ್ಯಾನೇಜರು, ಹಲ್ಲುಗಿಂಜುತ್ತಾ.

ಅವರಿಬ್ಬರೂ ಹೊರಟ ಮೇಲೆ ಅಮ್ಮ ಚೀಲ ಎತ್ತಿಕೊಂಡರು. ಮೇಷ್ಟ್ರ ಮುಖ ಬಾಡಿತು. “ಇನ್ನೂ ಕೋಪಾನಾ?”

“ಟಿಕೆಟ್ ಮಾಡಿಸಿದೀನಲ್ಲೋ. ನಿಮ್ಮಕ್ಕ ದಾರಿ ಕಾಯ್ತಿರ್ತಾಳೆ. ನಾಲ್ಕು ದಿನ.” ಕಂಕುಳಲ್ಲಿದ್ದ ದಿಂಬನ್ನು ತೆಗೆದು ಮಗನ ಎದೆಗೆ ಒತ್ತಿದರು. “ಮಂಚದ ಮೇಲಿಡು. ನಾಲ್ಕು ದಿನಕ್ಕೆ ಇದ್ಯಾಕೆ?” ಬಾಗಿಲು ದಾಟಿ ತಿರುಗಿ ನಿಂತು, “ಬರ್ತೀನಿ ಕಣ್ರೋ” ಎಂದರು.

“ಹೂಂ, ಹೋಗ್ಬಿಟ್ಟು ಬಾಮ್ಮ” ಎಂದರು ಮೇಷ್ಟ್ರು. ದಿಂಬು ಬಿಗಿಯಾಗಿ ಹಿಡಿದುಕೊಂಡಿದ್ದರು.

ಆ ಸಂಜೆಯೇ ಬೀಗಕ್ಕೂ ಒಂದು ವೈಫೈ ತುಂಡು ಜೋಡಿಸಿ, ಅಮ್ಮ ಹೇಳಿದಂತೆಯೇ ಗೋಡೆಯಮ್ಮನಿಗೆ ಹೊಸ ಪಾಠ ಕಲಿಸಿದರು. ಶುಕ್ರವಾರ ಬೆಳಗ್ಗೆ ಮಗಳೂ ಹೆಂಡತಿಯೂ ಮೊದಲೇ ಹೊರಟಿದ್ದರು. ಕೊನೆಗೆ ಉಳಿದ ಮೇಷ್ಟ್ರು ಬೂಟು ಹಾಕಿಕೊಂಡು, ಏಣಿ ಹೊತ್ತು, ನಾಲಗೆಯ ಅಭ್ಯಾಸಕ್ಕೆ ಕೂಗಿಬಿಟ್ಟರು, “ಅಮ್ಮಾ, ಬರ್ತೀನಿ!”

ಯಾರೂ ಹೂಂ ಎನ್ನಲಿಲ್ಲ.

“ಮನೆಯಲ್ಲಿ ಜನರಿದ್ದಾರೆ” ಎಂದಳು ಗೋಡೆಯಮ್ಮ. “ಬಿಸಿ ಇದ್ದಷ್ಟೇ ಇರುತ್ತದೆ.”

ತಪ್ಪು ಸರಿಪಡಿಸಲು ಮೇಷ್ಟ್ರು ಫೋನು ತೆಗೆದರು. ತೆರೆದ ಕೋಣೆಯೊಳಗೆ ಮಂಚದ ಮೇಲೆ ದಿಂಬು ಕಾಣುತ್ತಿತ್ತು. ಫೋನನ್ನು ಹಾಗೇ ಜೇಬಿಗೆ ಹಾಕಿಕೊಂಡು ಬೀಗ ತಿರುಗಿಸಿದರು. ಮರುದಿನವೂ ಹಾಗೇ ಕೂಗಿದರು, ಅದರ ಮರುದಿನವೂ. ಯಾರಿಗೂ ಹೇಳಲಿಲ್ಲ.

ಐದನೇ ದಿನ ಮೂವರೂ ಬಸ್ ನಿಲ್ದಾಣಕ್ಕೆ ಹೋಗಿ ಅಮ್ಮನನ್ನು ಕರೆತಂದರು. ಅಮ್ಮ ಚೀಲ ಇಳಿಸುವ ಮೊದಲೇ ಪೆಟ್ಟಿಗೆಯ ಪಕ್ಕ ಗೋಡೆಗೆ ಕೆನ್ನೆ ಇಟ್ಟು ನೋಡಿದರು. ಹುಬ್ಬು ಗಂಟಿಕ್ಕಿತು.

“ಬೆಚ್ಚಗಿದೆಯಲ್ಲೋ! ಎಲ್ರೂ ಹೊರಗಿದ್ರಿ. ಮನೇಲಿ ಯಾರಿದ್ರು?”

“ನೀನೇ ಇದ್ದೆ ಕಣಮ್ಮ” ಎಂದರು ಮೇಷ್ಟ್ರು. ಅದರ ಮೇಲೆ ವಿವರಣೆಯನ್ನೇನೂ ಕೊಡಲಿಲ್ಲ.